ಐಸ್ ಇರೋದು ಬಿಯರಿಗೆ

ಏಪ್ರಿಲ್ ಬಂತೆಂದರೆ ನಮ್ಮ ಥೆನ್ ಸೀಮೆಯ ಪಿಕಪ್ ಗಾಡಿಗಳಿಗೆಲ್ಲ ಒಂದೇ ಕಾಯಿಲೆ. ಬೆಳಗ್ಗೆ ಏಳಕ್ಕೆ ನಾನು ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲೇ ನಾಲ್ಕು ಜನ ಬಂದು ನಿಂತಿರುತ್ತಾರೆ.

"ಮೂನ್ ಮಾವ, ಗಾಡಿ ಎಳೀತಾನೇ ಇಲ್ಲ."

"ಮೂನ್ ಮಾವ, ಡಿಸೆಂಬರ್‌ನಲ್ಲಿ ಕುದುರೆ ಥರ ಇತ್ತು. ಈಗ ಕತ್ತೆ ಥರ ಆಗೋಗಿದೆ. ಯಾರೋ ಮಾಟ ಮಾಡ್ಸಿದಾರೆ."

ಮಾಟವಂತೆ! ಇವರ ಗಾಡಿಗೆ ಮಾಟ ಮಾಡಿಸುವಷ್ಟು ಪುರುಸೊತ್ತು ಯಾರಿಗಿದೆ? ಮೂವತ್ತೆಂಟು ವರ್ಷದಿಂದ ನಾನು ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಗಾಡಿಗೆ ಏನೂ ಆಗಿಲ್ಲ, ಮನೆಗೆ ಹೋಗು, ಡಿಸೆಂಬರ್‌ನಲ್ಲಿ ಬಾ.

ಇಂಜಿನ್ನು ಬರೀ ಡೀಸೆಲ್ ಕುಡಿದು ಬದುಕುವುದಿಲ್ಲ, ಗಾಳಿಯನ್ನೂ ತಿನ್ನುತ್ತದೆ. ಚಳಿಗಾಲದ ಗಾಳಿ ಗಟ್ಟಿ ಅನ್ನ, ಏಪ್ರಿಲ್ ಗಾಳಿ ನೀರುಗಂಜಿ. ಬಟ್ಟಲು ಅದೇ, ಒಳಗಿರುವುದು ಕಡಿಮೆ. ನಲವತ್ತನಾಲ್ಕು ಡಿಗ್ರಿ ಬಿಸಿಲಿನಲ್ಲಿ ಹನ್ನೆರಡು ತುತ್ತಿಗೆ ಒಂದು ತುತ್ತು ಖೋತಾ. ತುತ್ತು ಕಮ್ಮಿ ತಿಂದವನು ಹೊರೆಯನ್ನೂ ಕಮ್ಮಿಯೇ ಹೊರುತ್ತಾನೆ. ಇದರಲ್ಲಿ ಬ್ರಹ್ಮವಿದ್ಯೆ ಏನಿದೆ? ಆದರೆ ನಮ್ಮ ಜನಕ್ಕೆ ಇದು ಬೇಡ. ಡಾಕ್ಟರ ಹತ್ತಿರ ಹೋದವನಿಗೆ ಒಂದಾದರೂ ಗುಳಿಗೆ ಕೊಡದಿದ್ದರೆ ಆ ಡಾಕ್ಟರು ದಡ್ಡ ಎಂದು ಲೆಕ್ಕ.

ಗುಳಿಗೆ ಕೊಡುವವನು ನನ್ನ ಗ್ಯಾರೇಜಿನ ಎದುರಿಗೇ ಇದ್ದ. ಬೋರ್ಡಿನ ಮೇಲೆ ವಿರುತ್ ಎಂದು ದೊಡ್ಡದಾಗಿ ಬರೆಸಿಕೊಂಡಿದ್ದ. ಆದರೆ ಹುಟ್ಟಿದಾಗ ದೆವ್ವದ ದೃಷ್ಟಿ ತಾಗದಿರಲೆಂದು ಅವನಮ್ಮ ಇಟ್ಟ ಹೆಸರು ಖಿಯಾತ್, ಅಂದರೆ ಮರಿಗಪ್ಪೆ. ನನಗೆ ಅವನು ಕಪ್ಪೆಯೇ. ಹದಿನೆಂಟನೇ ವಯಸ್ಸಿಗೆ ನನ್ನ ಬಳಿ ಕೆಲಸ ಕಲಿಯಲು ಬಂದು, ಒಂಬತ್ತು ವರ್ಷ ನನ್ನ ಹೆಂಡತಿ ಸೇಂಗ್ಲಾಳ ಕೈಯ ಅಂಟನ್ನ ತಿಂದು, ಎದುರಿಗೇ ಅಂಗಡಿ ಇಟ್ಟ. ಗುರುವಿಗೇ ತಿರುಮಂತ್ರ.

ಅವನು ಹೋದದ್ದು ನಾಲ್ಕು ವರ್ಷದ ಹಿಂದೆ, ಇಂಥದೇ ಒಂದು ಏಪ್ರಿಲ್‌ನಲ್ಲಿ. ಪಿಕಪ್‌ನಲ್ಲಿ ಟರ್ಬೊ ಎಂಬ ಯಂತ್ರ ಗಾಳಿಯನ್ನು ಇಂಜಿನ್ನಿಗೆ ತುರುಕುವಾಗ ಆ ಗಾಳಿ ಇನ್ನೂ ಕಾಯುತ್ತದೆ. ಅದನ್ನು ಆರಿಸಲು ಬಾನೆಟ್ಟಿನ ಕೆಳಗೆ ಒಂದು ತಗಡಿನ ಜಾಲರಿ ಇರುತ್ತದೆ, ಇಂಟರ್‌ಕೂಲರ್ ಎನ್ನುತ್ತಾರೆ. ಕಪ್ಪೆ ಏನು ಮಾಡಿದ ಗೊತ್ತೇ? ನನ್ನನ್ನು ಒಂದು ಮಾತೂ ಕೇಳದೆ ಎರಡು ಮೂಟೆ ಐಸು ತಂದು ಒಬ್ಬ ಗಿರಾಕಿಯ ಗಾಡಿಯ ಆ ಜಾಲರಿಯ ಮೇಲೆ ಸುರಿದ. ನನಗೆ ಪಿತ್ತ ನೆತ್ತಿಗೇರಿತು.

"ಐಸ್ ಇರೋದು ಬಿಯರಿಗೆ ಕಣೋ ಪೆದ್ದೆ, ಇಂಜಿನ್ನಿಗಲ್ಲ!" ಎಂದು ಹತ್ತು ಜನರ ಮುಂದೆ ಕೂಗಿದೆ. "ನಿಮ್ಮಮ್ಮ ಸರಿಯಾಗೇ ಹೆಸರಿಟ್ಟಿದಾಳೆ. ಬಾವಿಯೊಳಗಿನ ಕಪ್ಪೆ!"

ಹತ್ತೂ ಜನ ನಕ್ಕರು. ಅವನು ಸ್ಪ್ಯಾನರು ಕೆಳಗಿಟ್ಟ, ಕೈ ಒರೆಸಿಕೊಂಡ, ನನಗೆ ಕೈಮುಗಿದ, ಹೋದ. ಆಮೇಲೆ ಬರಲೇ ಇಲ್ಲ.

ಎದುರಿನ ಅಂಗಡಿಯಲ್ಲಿ ಅವನು ಐಸು ಮಾರಲಿಲ್ಲ, ಸದ್ದು ಮಾರಿದ. ಪ್ರತಿ ಗಾಡಿಯಲ್ಲೂ ಗಾಳಿ ಸೋಸುವ ಒಂದು ಕರೀ ಡಬ್ಬಿ ಇರುತ್ತದೆ. ಅದಕ್ಕೊಂದು ಉದ್ದ ಮೂತಿ. ಆ ಮೂತಿ ಗಾಡಿಯ ಮುಂಭಾಗದಿಂದ ಹೊರಗಿನ ಗಾಳಿಯನ್ನು ಎಳೆದು ತರುತ್ತದೆ. ಕಪ್ಪೆ ಆ ಡಬ್ಬಿ ಕಿತ್ತು ಬಿಸಾಕಿ ಹೊಳೆಯುವ ಒಂದು ಕೊಳವೆ ಕೂರಿಸುತ್ತಿದ್ದ. ಕೊಳವೆ ಬಾಯಿ ತೆರೆದುಕೊಂಡು ಬಾನೆಟ್ಟಿನ ಒಳಗೇ ಕೂತಿರುತ್ತದೆ. ಅಲ್ಲಿರುವುದು ಇಂಜಿನ್ನು ಬಿಟ್ಟ ಬಿಸಿಯುಸಿರು, ಎಪ್ಪತ್ತು ಡಿಗ್ರಿ. ಹೊರಗೆ ನೀರುಗಂಜಿಯಾದರೂ ಇತ್ತಲ್ಲ, ಇವನು ಪಾತ್ರೆ ತೊಳೆದ ನೀರು ಕುಡಿಸುತ್ತಿದ್ದ. ಆದರೆ ಗಾಡಿ ಹುಲಿಯ ಹಾಗೆ ಗರ್ಜಿಸುತ್ತಿತ್ತು. ಜನ ಸದ್ದು ಕೇಳಿ, "ಆಹಾ, ಏನ್ ಪವರ್ರು!" ಎಂದು ಕುಣಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಷ್ಟಾದರೂ ನನಗೆ ಹೊಟ್ಟೆಯುರಿ ಅಂಗಡಿಯದ್ದಲ್ಲ, ಬೇರೆಯದು.

ನಮ್ಮಲ್ಲಿ ಹೊಸ ವರ್ಷ ಏಪ್ರಿಲ್ ಹದಿಮೂರರಿಂದ. ಹದಿನೈದನೇ ತಾರೀಖು ಕಿರಿಯರು ಹಿರಿಯರ ಮನೆಗೆ ಹೋಗಿ, ಸೀಗೆಕಾಯಿ ಮಲ್ಲಿಗೆ ಹಾಕಿದ ನೀರನ್ನು ಅವರ ಕೈಮೇಲೆ ಹುಯ್ದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಹಿರಿಯರು ಕ್ಷಮಿಸಿ ಹರಸುತ್ತಾರೆ. ನನ್ನ ಹಳೆಯ ಶಿಷ್ಯರು ಲಂಪಾಂಗ್‌ನಿಂದ ಬರುತ್ತಾರೆ, ತಾಕ್‌ನಿಂದ ಬರುತ್ತಾರೆ, ಒಬ್ಬನಂತೂ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಬಂದಿದ್ದ. ರಸ್ತೆ ದಾಟಿದರೆ ಸಿಗುವ ಕಪ್ಪೆ ಮಾತ್ರ ನಾಲ್ಕು ವರ್ಷದಿಂದ ಬರಲಿಲ್ಲ. ಆ ದಿನ ನಾನು ಜಗಲಿಯ ಕುರ್ಚಿಯಲ್ಲಿ ಹೊತ್ತು ಮುಳುಗುವವರೆಗೂ ಕೂತಿರುತ್ತಿದ್ದೆ. ಸೇಂಗ್ಲಾ ಕೇಳಿದರೆ ಒಳಗೆ ಸೆಕೆ ಎನ್ನುತ್ತಿದ್ದೆ. ಸತ್ಯ ಹೇಳಬೇಕೆಂದರೆ ಅವನಿಲ್ಲದೆ ನನಗೆ ಬಹಳ ಬೇಜಾರಾಗಿತ್ತು. ಆದರೆ ಮೊದಲು ನಾನು ಮಾತಾಡಿಸುವುದೇ? ಸಾಧ್ಯವೇ ಇಲ್ಲ.

ಈ ಸಲ ಊರಿನ ಮುಖಂಡ ಸಿಂಗ್‌ಖಾಮ್ ತನ್ನ ಪಿಕಪ್ ತಂದು ನಿಲ್ಲಿಸಿದ. ನಾನು ಡಿಸೆಂಬರ್‌ನಲ್ಲಿ ಬಾ ಎಂದೆ. ಎದುರಿಗೆ ಹೋದ. ಕಪ್ಪೆ ಕೊಳವೆ ಹಾಕೋಣ ಎಂದ. ಸಿಂಗ್‌ಖಾಮ್ ನಡುರಸ್ತೆಯಲ್ಲಿ ನಿಂತು ಕೂಗಿದ:

"ಒಬ್ಬ ಏನೂ ಮಾಡ್ಬೇಡ ಅಂತಾನೆ, ಇನ್ನೊಬ್ಬ ಎಲ್ಲಾ ಕಿತ್ತಾಕು ಅಂತಾನೆ. ನಿಮ್ಮಿಬ್ರ ಮಧ್ಯೆ ನನ್ ತಲೆ ಚಿಟ್ಟು ಹಿಡ್ದೋಯ್ತು! ಹದಿನಾಲ್ಕಕ್ಕೆ ಗುಡ್ಡದ ದೇವಸ್ಥಾನಕ್ಕೆ ಮರಳು ಸಾಗಿಸ್ಬೇಕಲ್ಲ? ಇಬ್ರೂ ಒಂದೊಂದು ಗಾಡಿ ತುಂಬ ಮರಳು ಹಾಕ್ಕೊಂಡು, ಮಟಮಟ ಮಧ್ಯಾಹ್ನ ಹತ್ತಿ. ಯಾರು ಮೊದ್ಲು ಬಾಗಿಲು ದಾಟ್ತಾರೋ ಅವರು ಹೇಳಿದ್ದು ಸರಿ."

ಹೊಸ ವರ್ಷಕ್ಕೆ ಹೊಳೆಯ ಮರಳನ್ನು ದೇವಸ್ಥಾನಕ್ಕೆ ಸಾಗಿಸುವುದು ನಮ್ಮ ಪದ್ಧತಿ. ವರ್ಷವಿಡೀ ನಮ್ಮ ಕಾಲಿಗೆ ಅಂಟಿಕೊಂಡು ದೇವಸ್ಥಾನದಿಂದ ಹೊರಗೆ ಹೋದ ಮರಳಿನ ಸಾಲವನ್ನು ಹೀಗೆ ತೀರಿಸುತ್ತೇವೆ.

"ನಾನು ಗೆದ್ರೆ?" ಎಂದು ಕಪ್ಪೆ ನನ್ನ ಕಡೆ ನೋಡದೆ ಸಿಂಗ್‌ಖಾಮ್‌ನನ್ನು ಕೇಳಿದ.

"ಮೂನ್ ಮಾವ ಬೋರ್ಡು ಇಳಿಸ್ತಾನೆ."

"ನಾನ್ ಗೆದ್ರೆ," ನಾನೂ ಸಿಂಗ್‌ಖಾಮ್‌ಗೇ ಹೇಳಿದೆ, "ಆ ಮನುಷ್ಯ ಹದಿನೈದನೇ ತಾರೀಖು ಬಂದು, ಎಲ್ಲರ ಮುಂದೆ, ನನ್ ಕೈಗೆ ನೀರು ಹುಯ್ಯಬೇಕು."

ಕಪ್ಪೆಯ ಕಿವಿ ಕೆಂಪಾಯಿತು. "ಆಯ್ತು ಅಂತ ಹೇಳಿ ಅವ್ರಿಗೆ," ಎಂದ.

ಹನ್ನೊಂದನೇ ತಾರೀಖು ಮಧ್ಯಾಹ್ನ, ಊರೆಲ್ಲ ಮಲಗಿದ್ದಾಗ, ನಾನು ಕದ್ದು ಒಂದು ಪರೀಕ್ಷೆ ಮಾಡಿದೆ. ಮೂರು ಕಿಲೋಮೀಟರಿನ ಏರು. ತುಂಬಿದ ಗಾಡಿ ಹುಣಸೆಮರದ ತಿರುವಿನಲ್ಲಿ ಮುಲುಗಿತು, ಕೆಮ್ಮಿತು, ನಿಂತುಬಿಟ್ಟಿತು. ನನ್ನ ಗಾಡಿಗೆ ವಯಸ್ಸು ಮೂವತ್ತು ದಾಟಿದೆ, ಅದಕ್ಕೆ ಆ ಖೋತಾ ತುತ್ತು ಬೇಕೇ ಬೇಕು. ಆ ತುತ್ತು ಸಿಗುವ ದಾರಿ ಒಂದೇ ಇತ್ತು. ಅದು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಮಗೂ ಗೊತ್ತಾಗಿರಬೇಕು, ನಗಬೇಡಿ.

ಹದಿನಾಲ್ಕರ ಬೆಳಗ್ಗೆ ಹೆಂಡತಿಯ ಹುಲ್ಲಿನ ಟೋಪಿ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ಪಕ್ಕದ ಊರಿನ ಐಸಂಗಡಿಗೆ ಹೋದೆ. ಎರಡು ಮೂಟೆ ಐಸು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನಾದ್ರೂ ಫಂಕ್ಷನ್ನಾ ಮಾವ?"

"ಹೂಂ. ಬಿಯರಿಗೆ," ಎಂದೆ. ಬೇರೇನು ಹೇಳಲಿ?

ಮನೆಗೆ ಬಂದು ಬಿಯರು ತಣ್ಣಗಿಡುವ ನೀಲಿ ಡಬ್ಬಕ್ಕೆ ಐಸು ತುಂಬಿ, ಮುಚ್ಚಳ ಬಿಗಿದು, ಪಿಕಪ್‌ನ ಹಿಂದೆ ಮರಳಿನ ಮೇಲೆ ಇಟ್ಟೆ. ಈಗಲೇ ಜಾಲರಿಯ ಮೇಲೆ ಸುರಿದರೆ ಕರಗಿಹೋಗುತ್ತದೆ. ಹೊರಡುವ ಮುಂಚೆ ಇಂಜಿನ್ ಎಣ್ಣೆ ನೋಡುವವನ ಹಾಗೆ ಬಾನೆಟ್ಟು ಎತ್ತಿ ಸದ್ದಿಲ್ಲದೆ ಸುರಿದುಬಿಡುವುದು ನನ್ನ ಉಪಾಯ.

ಈಗ ನೀವೇ ಹೇಳಿ. ಹೊಸ ವರ್ಷದ ದಿನ, ನಲವತ್ತನಾಲ್ಕು ಡಿಗ್ರಿಯಲ್ಲಿ, ನಮ್ಮ ಊರಿನಲ್ಲಿ, ಪಿಕಪ್‌ನ ಹಿಂದೆ ನೀಲಿ ಡಬ್ಬ ಇಟ್ಟುಕೊಂಡು ಹೋಗುವವನಿಗಿಂತ ದೊಡ್ಡ ಮೂರ್ಖ ಇದ್ದಾನೆಯೇ? ಆ ದಿನ ಪಿಕಪ್‌ನ ಹಿಂದಿನ ಐಸು ಯಾರದ್ದೂ ಅಲ್ಲ, ಎಲ್ಲರದ್ದು. ಅದು ಮಗುವಿಗೂ ಗೊತ್ತು. ಅರವತ್ತೆಂಟು ವರ್ಷ ಇದೇ ಊರಲ್ಲಿ ಬದುಕಿದ ನನಗೆ ಮಾತ್ರ ಹೊಳೆಯಲಿಲ್ಲ.

ಗುಡ್ಡದ ಕೆಳಗೆ ಊರೇ ನೆರೆದಿತ್ತು. ಹಬ್ಬದ ನೀರೆರಚಾಟದಲ್ಲಿ ಎಲ್ಲರೂ ತೊಪ್ಪೆಯಾಗಿ ನೆಂದಿದ್ದರು, ಎಲ್ಲರ ಕೆನ್ನೆಗೂ ಬಿಳಿ ಸೀಮೆಸುಣ್ಣದ ಹಿಟ್ಟು ಬಳಿದಿತ್ತು. ಸಿಂಗ್‌ಖಾಮ್ ಮೈಕ್ ಹಿಡಿದು ಭಾಷಣ ಶುರುಮಾಡಿದ. ಊರಿನ ಒಗ್ಗಟ್ಟು, ನೀರಿನ ಮಿತಬಳಕೆ, ಅವನ ಅಜ್ಜನ ಎತ್ತಿನಗಾಡಿ, ಎಲ್ಲ ಬಂತು.

ಅಷ್ಟರಲ್ಲಿ ಕಪ್ಪೆಯ ಗಾಡಿ ಬಂತು. ಬಂದದ್ದೇ ಗೊತ್ತಾಗಲಿಲ್ಲ, ಅಷ್ಟು ಮೆಲ್ಲಗೆ.

"ಏನೋ ಖಿಯಾತ್, ಇವತ್ತು ನಿನ್ ಗಾಡಿ ಬೊಗಳ್ತಾನೇ ಇಲ್ಲ?" ಎಂದು ಯಾರೋ ಕೇಳಿದರು.

"ಗಂಟ್ಲು ಕಟ್ಟಿದೆ," ಎಂದ ಅವನು.

ನಾನು ಕಿವಿಗೊಟ್ಟು ಕೇಳಿದೆ. ನನ್ನ ಕಿವಿಗೆ ಮೋಸ ಮಾಡಲು ಆಗುತ್ತದೆಯೇ? ಕಳ್ಳ! ಹೊಳೆಯುವ ಕೊಳವೆ ಕಿತ್ತು ಹಳೆಯ ಕರೀ ಡಬ್ಬಿ, ಉದ್ದ ಮೂತಿ, ಎಲ್ಲ ಮತ್ತೆ ಕೂರಿಸಿಕೊಂಡು ಬಂದಿದ್ದಾನೆ! ನಾನು ಕಲಿಸಿದ್ದನ್ನೇ ಕದ್ದು ಮಾಡಿ ನನ್ನನ್ನೇ ಸೋಲಿಸಲು ಹೊರಟಿದ್ದಾನೆ. ಕೂಗಿ ಹೇಳೋಣ ಎನ್ನಿಸಿತು. ಆಮೇಲೆ ನನ್ನ ನೀಲಿ ಡಬ್ಬ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಸೇಂಗ್ಲಾ ಎರಡು ಚೆಂಡುಹೂವಿನ ಹಾರ ಹಿಡಿದು ಬಂದಳು. ಪ್ರತಿ ಗಾಡಿಯೊಳಗೂ ಒಬ್ಬ ತಾಯಿ ಕೂತಿರುತ್ತಾಳೆ, ಅವಳಿಗೆ ಹಾರ ಹಾಕದೆ ನಮ್ಮಲ್ಲಿ ಯಾರೂ ದೂರದ ಕೆಲಸಕ್ಕೆ ಹೊರಡುವುದಿಲ್ಲ. ನನ್ನ ಗಾಡಿಗೆ ಒಳಗಿನ ಕನ್ನಡಿಗೆ ಕಟ್ಟಿದಳು. ಕಪ್ಪೆಯ ಗಾಡಿಗೆ ಮುಂಭಾಗದ ಗ್ರಿಲ್ಲಿಗೆ, ದಪ್ಪಗೆ ಎರಡು ಸುತ್ತು ಹಾಕಿ, ಮೇಲೆ ಮೂರು ಬಣ್ಣದ ಬಟ್ಟೆ ಬಿಗಿದು, ಅದರ ಮೇಲೆ ಒದ್ದೆ ಹಿಟ್ಟನ್ನೂ ಮೆತ್ತಿದಳು.

"ಅಮ್ಮಾ, ಅಲ್ಲಿ ಬೇಡ, ಕನ್ನಡಿಗೇ..." ಎಂದ ಕಪ್ಪೆ.

"ತಾಯಿಗೆ ಹಾಕೋವಾಗ ಅಲ್ಲಿ ಇಲ್ಲಿ ಅಂತೀಯೇನೋ? ಸುಮ್ನಿರು!" ಎಂದು ಗದರಿದಳು. ಮುಚ್ಚಿದ ಒಂದು ಬೆಳ್ಳಿ ಬೋಗುಣಿಯನ್ನು ಅವನ ಪಕ್ಕದ ಸೀಟಿನಲ್ಲಿಟ್ಟು, "ಇದು ದೇವ್ರಿಗೆ. ಚೆಲ್ಲಬೇಡ," ಎಂದಳು.

ನನ್ನ ಹೆಂಡತಿ ನನ್ನ ವೈರಿಯ ಗಾಡಿಯಲ್ಲಿ ಪೂಜೆಸಾಮಾನು ಕಳಿಸುತ್ತಾಳೆ! ಸಿಟ್ಟು ಬಂದರೂ ನುಂಗಿಕೊಂಡು, ಐಸು ಸುರಿಯುವ ಹೊತ್ತಾಯಿತೆಂದು ಗಾಡಿಯ ಹಿಂದಕ್ಕೆ ಹೋಗಿ ನೀಲಿ ಡಬ್ಬದ ಮುಚ್ಚಳ ತೆಗೆದೆ.

ಒಳಗೆ ಎರಡು ಖಾಲಿ ಬಾಟಲಿ ಇದ್ದವು. ಅರ್ಧ ತಿಂದ ಒಂದು ಸುಟ್ಟ ಮೀನಿತ್ತು. ಐಸು ಇರಲಿಲ್ಲ.

ತಿರುಗಿ ನೋಡಿದೆ. ಊರಿನ ಪ್ರತಿಯೊಬ್ಬನ ಕೈಯಲ್ಲೂ ಗ್ಲಾಸು, ಪ್ರತಿ ಗ್ಲಾಸಿನಲ್ಲೂ ನನ್ನ ಐಸು. ಮೈಕ್ ಹಿಡಿದ ಸಿಂಗ್‌ಖಾಮ್‌ನ ಗ್ಲಾಸಿನ ಕಿಣಿಕಿಣಿ ಸದ್ದು ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೇಳುತ್ತಿತ್ತು.

"ಮತ್ತೆ ಈ ಬಿಸ್ಲಲ್ಲಿ," ಎಂದು ಅವನು ಮೈಕಿನಲ್ಲೇ ಹೇಳಿದ, "ಊರಿಗೆಲ್ಲಾ ಐಸ್ ತಂದುಕೊಟ್ಟ ಮೂನ್ ಮಾವಂಗೆ ಒಂದು ಜೈಕಾರ ಹಾಕ್ರಪ್ಪಾ! ಮಾವ ಯಾವಾಗ್ಲೂ ಹೇಳೋದು ಅದನ್ನೇ ಅಲ್ವಾ?"

"ಐಸ್ ಇರೋದು ಬಿಯರಿಗೆ!" ಎಂದು ಊರೆಲ್ಲ ಒಕ್ಕೊರಲಿನಿಂದ ಕೂಗಿತು.

ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತು ನಗುತ್ತಾ ಎಲ್ಲರಿಗೂ ಕೈಮುಗಿದೆ. ಕಪ್ಪೆ ತನ್ನ ಗಾಡಿಯ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ಅವನ ತುಟಿ ಯಾಕೋ ನಡುಗುತ್ತಿತ್ತು.

ಸಿಂಗ್‌ಖಾಮ್ ಬಾವುಟ ಬೀಸಿದ. ಹೊರಟೆವು.

ಮೊದಲ ಕಿಲೋಮೀಟರು ಇಬ್ಬರೂ ಜೊತೆಜೊತೆ. ಎರಡನೆಯದರಲ್ಲಿ ಕಪ್ಪೆ ಮುಂದೆ ಹೋದ. ನನ್ನ ಗಾಡಿ ಆಗಲೇ ಏದುಸಿರು ಬಿಡುತ್ತಿತ್ತು. ನಾನು ಅದಕ್ಕೆ ಬೈದೆ, ಆಮೇಲೆ ಮುದ್ದು ಮಾಡಿದೆ, ಆಮೇಲೆ ಕನ್ನಡಿಯ ಹಾರಕ್ಕೆ ಕೈಮುಗಿದೆ. ಮೂವತ್ತೆಂಟು ವರ್ಷದ ಬೋರ್ಡು ಕಣ್ಣೆದುರು ಬಂತು. ನಿಜ ಹೇಳಬೇಕೆಂದರೆ ಅದಕ್ಕಿಂತ ಮೊದಲು ಜಗಲಿಯ ಆ ಕುರ್ಚಿ ಬಂತು. ಈ ವರ್ಷವೂ ಅವನು ಬರುವುದಿಲ್ಲ. ಸೋತರೆ ಇನ್ನು ಯಾವ ವರ್ಷವೂ ಬರುವುದಿಲ್ಲ.

ಹುಣಸೆಮರದ ತಿರುವು ದಾಟುತ್ತಲೇ ನೋಡುತ್ತೇನೆ, ಕಪ್ಪೆಯ ಗಾಡಿ ನಡುರಸ್ತೆಯಲ್ಲಿ ನಿಂತಿದೆ! ಕರೀ ಹೊಗೆ ಉಗುಳಿ ಉಸಿರು ಕಟ್ಟಿದೆ. "ಗೆದ್ದೆ!" ಎಂದು ಕಿರುಚಿದೆ. ಸರಿಯಾಗಿ ಅವನ ಪಕ್ಕಕ್ಕೆ ಬಂದಾಗ ನನ್ನ ಗಾಡಿಯೂ ಒಂದು ಸಲ ಬಿಕ್ಕಿ ನಿಂತಿತು.

ಇಬ್ಬರೂ ಇಳಿದೆವು. ಚಕ್ರಕ್ಕೆ ಕಲ್ಲು ಕೊಟ್ಟೆವು. ಮೇಲೆ ದೇವಸ್ಥಾನದ ಬಾಗಿಲಲ್ಲಿ ಮೊದಲೇ ಹತ್ತಿದ್ದ ಜನ ಗ್ಲಾಸು ಹಿಡಿದು ನೋಡುತ್ತಿದ್ದರು.

"ಮರಳು ಇಳಿಸ್ರೋ!" ಎಂದು ಒಬ್ಬ ಕೂಗಿದ.

"ದೇವ್ರ ಮರಳನ್ನ ರಸ್ತೇಲಿ ಇಳಿಸೋಕೆ ನಿಮ್ಮಪ್ಪ ಬರ್ತಾನಾ?" ಎಂದು ನಾನೂ ಕಪ್ಪೆಯೂ ಒಟ್ಟಿಗೇ ಕೂಗಿದೆವು. ಒಟ್ಟಿಗೇ ಬಾಯಿಂದ ಬಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಅವನು ತನ್ನ ಇಂಜಿನ್ನನ್ನು ಮತ್ತೆ ತಿರುಗಿಸಿದ. ಗೊರ್, ಗೊರ್, ಬುಸ್. ನನಗೆ ತಡೆಯಲಾಗಲಿಲ್ಲ. ಕೆಟ್ಟ ಇಂಜಿನ್ನಿನ ಸದ್ದು ಕೇಳಿಯೂ ಸುಮ್ಮನಿರುವುದೆಂದರೆ ನನಗೆ ತುರಿಕೆ ಬಂದೂ ಕೆರೆಯದೆ ಕೂತ ಹಾಗೆ.

"ಉಸಿರು ಕಟ್ಟಿದೆ ಕಣೋ ಅದಕ್ಕೆ! ಮೂತಿ ನೋಡೋ, ಮೂತಿ!"

ನಾಲ್ಕು ವರ್ಷದಲ್ಲಿ ನಾನು ಅವನಿಗೆ ಹೇಳಿದ ಮೊದಲ ಮಾತು ಅದು.

ಅವನು ಬಾನೆಟ್ಟು ಎತ್ತಿದ. ಸೇಂಗ್ಲಾಳ ಹಾರ, ಮೂರು ಬಣ್ಣದ ಬಟ್ಟೆ, ಒಣಗಿದ ಹಿಟ್ಟು, ಎಲ್ಲ ಸೇರಿ ಕರೀ ಡಬ್ಬಿಯ ಮೂತಿಯೊಳಗೆ ಕಡುಬಿನ ಹಾಗೆ ತುರುಕಿಕೊಂಡಿತ್ತು. ನಾನು ಮೊಣಕೈವರೆಗೆ ಕೈ ಹಾಕಿ ಚೆಂಡುಹೂವನ್ನು ಒಂದೊಂದಾಗಿ ಕಿತ್ತೆ. ಅವನು ಬಟ್ಟಲಿನ ಹಾಗೆ ಅಂಗೈ ಒಡ್ಡಿಕೊಂಡು ನಿಂತಿದ್ದ. ತಾಯಿಯ ಹೂವು, ನೆಲಕ್ಕೆ ಹಾಕುವಂತಿಲ್ಲ.

"ಕೊಳವೆ ಎಲ್ಲೋಯ್ತೋ?" ಎಂದೆ.

"ಅದು... ಬಿಸಿಗಾಳಿ ಎಳ್ಯುತ್ತೆ," ಎಂದ, ಹೂವಿನ ಕಡೆ ನೋಡುತ್ತಾ.

"ಹಂಗಂತ ಯಾರ್ ಹೇಳಿದ್ದು?"

"ನೀವೇ. ಒಂಬತ್ತು ವರ್ಷ ದಿನಾ ಹೇಳಿದ್ರಿ, ಮೇಷ್ಟ್ರೇ."

ಮೇಷ್ಟ್ರೇ ಎಂದ. ನಾನು ಬೇಗ ಬೇಗ ಹೂವು ಕಿತ್ತೆ, ಮುಖ ಬಾನೆಟ್ಟಿನೊಳಗೇ ಇಟ್ಟುಕೊಂಡು.

ಮೂತಿ ಬಿಡಿಸಿಯಾಯಿತು. ಅವನು ತಿರುಗಿಸಿದ ತಕ್ಷಣ ಅವನ ಗಾಡಿ ಹತ್ತಿಕೊಂಡಿತು. ಇನ್ನೇನು, ಹೋಗಿಬಿಟ್ಟರೆ ಅವನು ಗೆದ್ದ. ನನ್ನ ಗಾಡಿ ಸ್ಟಾರ್ಟ್ ಆಗುತ್ತಿತ್ತು, ಆದರೆ ಕ್ಲಚ್ ಬಿಟ್ಟರೆ ಒಂದು ಮೊಳವೂ ಏರುತ್ತಿರಲಿಲ್ಲ. ನಾನು ರಸ್ತೆಯ ಬದಿಗೆ ಹೋಗಿ ನಿಂತೆ.

"ಹೋಗೋ. ಏನ್ ನೋಡ್ತಾ ಇದೀಯ? ಹೋಗು."

ಅವನು ಹೋಗಲಿಲ್ಲ. ಇಳಿದು ಬಂದು ನನ್ನ ಬಾನೆಟ್ಟು ಎತ್ತಿ ಜಾಲರಿಗೆ ಬೆರಳು ತಾಗಿಸಿ, "ಅಯ್ಯಯ್ಯೋ!" ಎಂದು ಬೆರಳು ಬಾಯಿಗಿಟ್ಟುಕೊಂಡ. "ಇದರ ಮೇಲೆ ಮೊಟ್ಟೆ ಬೇಯ್ಸಬೋದು ಮೇಷ್ಟ್ರೇ. ಇದಕ್ಕೆ ಐಸ್ ಬೇಕು."

"ಐಸ್ ಇರೋದು..." ಎಂದು ಶುರುಮಾಡಿ ನಿಲ್ಲಿಸಿದೆ.

ಅವನು ತನ್ನ ಗಾಡಿಯಿಂದ ಸೇಂಗ್ಲಾ ಕೊಟ್ಟ ಬೆಳ್ಳಿ ಬೋಗುಣಿ ತಂದು ಮುಚ್ಚಳ ತೆಗೆದ. ಸೀಗೆಕಾಯಿ, ಮಲ್ಲಿಗೆ, ಅರಿಶಿನ ಹಾಕಿದ ನೀರು. ಅದರ ತುಂಬ ಐಸು ತೇಲುತ್ತಿತ್ತು.

ನಾನು ಐಸನ್ನು ನೋಡಿದೆ, ಅವನನ್ನು ನೋಡಿದೆ. ಅವನೂ ಐಸನ್ನು ನೋಡಿದ, ನನ್ನನ್ನು ನೋಡಿದ.

"ದೇವ್ರಿಗೆ ಅಂದಿದ್ಲಲ್ಲೋ," ಎಂದೆ ಕೊನೆಗೆ.

"ದೇವ್ರ ಮರಳೇ ಅಲ್ವಾ ಹೊತ್ತಿರೋದು," ಎಂದು ಅವನು ಎರಡೂ ಕೈಯಿಂದ ಬೋಗುಣಿ ಎತ್ತಿ, ಅರ್ಧದಷ್ಟನ್ನು ನಿಧಾನವಾಗಿ, ಹಿರಿಯರ ಕೈಮೇಲೆ ಹುಯ್ಯುವ ಹಾಗೆಯೇ, ನನ್ನ ಜಾಲರಿಯ ಮೇಲೆ ಹುಯ್ದ. ಭುಸ್ ಎಂದು ಹಬೆ ಎದ್ದಿತು. ಗುಡ್ಡವೆಲ್ಲ ಸೀಗೆಕಾಯಿ, ಮಲ್ಲಿಗೆ, ಡೀಸೆಲ್ ಘಮ. ಆ ವಾಸನೆ ನೆನೆಸಿಕೊಂಡರೆ ನನಗೆ ಈಗಲೂ ಹಸಿವಾಗುತ್ತದೆ.

ಹತ್ತಿ ಕೂತು ಕ್ಲಚ್ ಬಿಟ್ಟೆ. ಮುದಿ ಗಾಡಿ ಹದಿನಾರರ ಹುಡುಗಿಯ ಹಾಗೆ ಜಿಗಿಯಿತು!

ಆಮೇಲೆ ಉಪಕಾರ ಗಿಪಕಾರ ಎಲ್ಲ ಮರೆತು ಇಬ್ಬರೂ ಅದುಮಿದೆವು. ಸ್ಪರ್ಧೆ ಸ್ಪರ್ಧೆಯೇ. ಅವನು ಒಂದು ಮೂತಿ ಮುಂದೆ, ನಾನು ಒಂದು ಮೂತಿ ಮುಂದೆ. ಕೊನೆಯ ಐವತ್ತು ಮಾರು ಭುಜಕ್ಕೆ ಭುಜ ಕೊಟ್ಟು ಹೋಗಿ ದೇವಸ್ಥಾನದ ಬಾಗಿಲಿಗೆ ಇಬ್ಬರೂ ಒಟ್ಟಿಗೇ ನುಗ್ಗಿದೆವು. ಆ ಬಾಗಿಲು ಕಟ್ಟಿಸಿದವರು ಎರಡು ಪಿಕಪ್ ಒಟ್ಟಿಗೆ ಬರಬಹುದೆಂದು ಎಣಿಸಿರಲಿಲ್ಲ. ಕರ್ ಎಂದಿತು. ನನ್ನ ಬಲಗನ್ನಡಿ, ಅವನ ಎಡಗನ್ನಡಿ, ಎರಡೂ ಹೋದವು. ಗಾಡಿಗಳು ಬಾಗಿಲಲ್ಲಿ ಬಿರಡೆಯ ಹಾಗೆ ಸಿಕ್ಕಿಕೊಂಡವು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ದೇವಸ್ಥಾನದ ದೊಡ್ಡ ಸ್ವಾಮಿಗಳು ಪೊರಕೆ ಹಿಡಿದು ಬಂದರು. ಬೈಕಿನಲ್ಲಿ ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಸಿಂಗ್‌ಖಾಮ್ ಅವರ ಕೈಯಿಂದ ಪೊರಕೆ ಇಸಿದುಕೊಂಡು ಎರಡೂ ಗಾಡಿಯ ಮುಂದೆ ಅಡ್ಡ ಹಿಡಿದು ಅಳೆದ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಯಾರೂ ಗೆದ್ದಿಲ್ಲ," ಎಂದು ಸಿಂಗ್‌ಖಾಮ್ ಅಳುಮುಖ ಮಾಡಿದ. "ಹಂಗಾದ್ರೆ ನನ್ ಗಾಡಿ ಕಥೆ?"

"ಮರಳು ಬಂತಲ್ಲಪ್ಪ, ಅಷ್ಟು ಸಾಕು," ಎಂದರು ಸ್ವಾಮಿಗಳು. "ಈಗ ನನ್ ಪೊರಕೆ ಕೊಡು."

ಗೆದ್ದವರಿಲ್ಲವೆಂದರೆ ಪಂದ್ಯವೂ ಇಲ್ಲ. ನಾನು ಬೋರ್ಡು ಇಳಿಸಬೇಕಾಗಿಲ್ಲ. ಅವನು ನೀರು ಹುಯ್ಯಲು ಬರಬೇಕಾಗಿಯೂ ಇಲ್ಲ. ಗಾಡಿ ಬಿಡಿಸುವುದರಲ್ಲಿ ಸಂಜೆಯಾಯಿತು. ಜನ ಸುತ್ತ ನೆರೆದಿದ್ದರು, ನಾವಿಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು.

ಮಾರನೆಯ ದಿನ ಹದಿನೈದು. ನಾನು ಒಗೆದ ಅಂಗಿ ತೊಟ್ಟು ಜಗಲಿಯ ಕುರ್ಚಿಯಲ್ಲಿ ಕೂತೆ. ಲಂಪಾಂಗ್‌ನವನು ಬಂದ. ತಾಕ್‌ನವನು ಬಂದ. ಎಲ್ಲರಿಗೂ ಕೈ ಒಡ್ಡಿದೆ, ಹರಸಿದೆ, ಕಣ್ಣು ಮಾತ್ರ ರಸ್ತೆಯಾಚೆಗೆ. ಅವನ ಅಂಗಡಿಗೆ ಬೀಗ. ಹನ್ನೊಂದಾಯಿತು, ಹನ್ನೆರಡಾಯಿತು.

"ಒಳಗ್ ಬನ್ನಿ, ಬಿಸ್ಲು," ಎಂದಳು ಸೇಂಗ್ಲಾ.

"ಒಳಗೆ ಸೆಕೆ," ಎಂದೆ.

ಸುಮಾರು ಒಂದು ಗಂಟೆಗೆ ಅವನು ರಸ್ತೆ ದಾಟಿದ. ಹೊಸ ಅಂಗಿ, ನೀರು ಹಾಕಿ ಬಾಚಿದ ತಲೆ, ಕೈಯಲ್ಲಿ ನಮ್ಮದೇ ಬೆಳ್ಳಿ ಬೋಗುಣಿ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಮಂಡಿಯೂರಿ ಬಂದು ನನ್ನ ಮುಂದೆ ಕೂತ.

"ಪಂದ್ಯ ಆಗಿಲ್ವಲ್ಲೋ," ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

"ಪಂದ್ಯಕ್ಕೆ ಬಂದಿಲ್ಲ. ನಿನ್ನೆ ಅರ್ಧ ಉಳಿದಿತ್ತು," ಎಂದು ನನ್ನ ಅಂಗೈಗಳ ಮೇಲೆ ನೀರು ಹುಯ್ದ. "ಮೈಯಿಂದ, ಮಾತಿಂದ, ಮನಸ್ಸಿಂದ ನನ್ ಕಡೆಯಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮ್ಸಿ, ಮೇಷ್ಟ್ರೇ."

ಈಗ ನಾನು ಕ್ಷಮಿಸಿದೆ ಎನ್ನಬೇಕು. ಅದು ಪದ್ಧತಿ. ಬಾಯಿ ತೆರೆದೆ, ಬಂದದ್ದು ಬೇರೆಯೇ ಮಾತು.

"ಕಪ್ಪೆ," ಎಂದೆ, "ಆ ಎರಡು ಮೂಟೆ ಐಸು ನಾನು ಊರಿಗೆ ಅಂತ ತಂದಿದ್ದಲ್ಲ."

"ಗೊತ್ತು."

"ಹೆಂಗ್ ಗೊತ್ತು?"

"ಐಸಂಗಡಿಯವನು ನನ್ ಹೆಂಡ್ತಿ ತಮ್ಮ. 'ಒಬ್ರು ಮುದುಕ್ರು ಹೆಂಗಸರ ಟೋಪಿ ಹಾಕ್ಕೊಂಡ್ ಬಂದಿದ್ರು ಭಾವ' ಅಂದ."

ನಾನು ಕಣ್ಣು ಮುಚ್ಚಿಕೊಂಡೆ. "ಮತ್ತೆ ನಿನಗೆ ಆ ಹಳೇ ಡಬ್ಬಿ ಎಲ್ಲಿ ಸಿಕ್ತು?"

"ನಿಮ್ ಹಿತ್ತಲ ಗುಜರೀಲಿ. ಅಮ್ಮ ಎತ್ಕೊಟ್ರು."

ತಿರುಗಿ ನೋಡಿದೆ. ಸೇಂಗ್ಲಾ ಬಾಗಿಲಲ್ಲಿ ನಿಂತು ಸೆರಗಿನ ಹಾಗೆ ಹೆಗಲ ಮೇಲಿದ್ದ ಟವೆಲ್ಲಿನಿಂದ ಗ್ಲಾಸು ಒರೆಸುತ್ತಿದ್ದಳು.

"ಅವನಿಗೆ ಡಬ್ಬಿ ಕೊಟ್ಟವಳು ನೀನು. ಅದರ ಮೂತಿಗೆ ಹಾರ ತುರುಕಿದವಳೂ ನೀನೇ. ನನ್ನ ಐಸು ಹಂಚಿದವಳು?"

"ನಂಗೇನ್ ಗೊತ್ತಪ್ಪ ಗಾಳಿ ಗೀಳಿ," ಎಂದಳು. "ಅನ್ನ ಬೇಯ್ಸೋ ಹೆಂಗ್ಸು ನಾನು. ಮೂವತ್ತೆಂಟು ವರ್ಷ ಊಟಕ್ ಕೂತಾಗಲೆಲ್ಲಾ ಕೇಳಿದೀನಿ, ಅಷ್ಟೇ."

ನಾನು ಕಪ್ಪೆಯ ಕೈಯಿಂದ ಬೋಗುಣಿ ತೆಗೆದುಕೊಂಡೆ.

"ಕೈ ಒಡ್ಡು," ಎಂದೆ.

"ಮೇಷ್ಟ್ರೇ?"

"ಒಡ್ಡೋ ಅಂದ್ರೆ!"

ಒಡ್ಡಿದ. ನಾಲ್ಕು ವರ್ಷ ಕಳೆದರೂ ಉಗುರಿನ ಸಂದಿಯಲ್ಲಿ ಅದೇ ಗ್ರೀಸು. ಉಳಿದ ನೀರನ್ನೆಲ್ಲ ಅವನ ಕೈಮೇಲೆ ಹುಯ್ದೆ. ತಾಕ್‌ನ ಶಿಷ್ಯ ಬಾಯಿ ಬಿಟ್ಟುಕೊಂಡು ನೋಡಿದ. ಗುರು ಶಿಷ್ಯನ ಕೈಗೆ ನೀರು ಹುಯ್ಯುವುದು ನಮ್ಮ ಸೀಮೆಯಲ್ಲಿ ಯಾರೂ ಕಂಡದ್ದಲ್ಲ.

"ಆ ದಿನ ನೀನು ಐಸ್ ಹಾಕಿದ್ಯಲ್ಲ, ಆ ಗಾಡಿ," ಎಂದೆ. "ನೀನು ಹೋದ್ಮೇಲೆ ನಾನೇ ಓಡ್ಸಿ ನೋಡ್ದೆ. ಎಳೀತು ಕಣೋ. ಚೆನ್ನಾಗೇ ಎಳೀತು."

ಅವನು ಒದ್ದೆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಹಾಗೇ ಕೂತಿದ್ದ. ಸೇಂಗ್ಲಾ ಒಳಗೆ ಹೋಗಿ ಎಲ್ಲರ ಊಟಕ್ಕೆ ಅನ್ನದ ಬುಟ್ಟಿ ತಂದಿಟ್ಟಳು, ಅವನ ಮುಂದೆಯೂ ಒಂದು.

ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಗಾಡಿಯೊಂದು ಕುಂಯ್ಗುಡುತ್ತಾ ಬಂದು ನಿಂತಿತು. ಸಿಂಗ್‌ಖಾಮ್ ತಲೆ ಹೊರಹಾಕಿದ.

"ಮೂನ್ ಮಾವ, ಖಿಯಾತ್, ಇಬ್ರೂ ಇದೀರಲ್ಲ, ಒಳ್ಳೇದಾಯ್ತು. ಗಾಡಿ ಎಳೀತಾನೇ ಇಲ್ಲ!"

"ಡಿಸೆಂಬರ್‌ನಲ್ಲಿ ಬಾ," ಎಂದೆ ನಾನು.

ಕಪ್ಪೆ ಮುಖ ಒರೆಸಿಕೊಂಡು ನನ್ನ ಕಡೆ ಒಂದು ಸಲ ನೋಡಿದ. "ಇಲ್ಲಾ ಅಂದ್ರೆ ಎರಡು ಮೂಟೆ ಐಸ್ ತಗೊಂಡ್ ಬನ್ನಿ," ಎಂದ.

ಜಗಲಿಯ ಮೇಲಿದ್ದವರೆಲ್ಲ ನನ್ನ ಬಾಯನ್ನೇ ನೋಡಿದರು.

"ಮೂರು ತಗೊಂಡ್ ಬಾ," ಎಂದೆ. "ಒಂದು ಬಿಯರಿಗೆ."